ಕೋವಿಯ ವಿಮಾನಯಾನ

ಸೆಪ್ಟೆಂಬರ್ ತಿಂಗಳ ಮೊದಲ ವಾರಗಳಲ್ಲಿ ಅಮೆರಿಕದ ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಒಂದು ಗಂಟೆ ಕುಳಿತು ಬಂದುಹೋಗುವವರ ಸಾಮಾನುಗಳನ್ನು ನೋಡುತ್ತಿದ್ದರೆ, ನಡುನಡುವೆ ಒಂದು ಬಗೆಯ ಪೆಟ್ಟಿಗೆ ಕಣ್ಣಿಗೆ ಬೀಳದೆ ಇರುವುದಿಲ್ಲ. ನಾಲ್ಕು ಅಡಿಯನ್ನು ಮೀರಿದ ಉದ್ದ, ಮೊಳಕ್ಕೆ ಸ್ವಲ್ಪ ಕಡಿಮೆಯಾದ ಅಗಲ, ಕಪ್ಪು ಬಣ್ಣ, ಅಂಚಿನ ಉದ್ದಕ್ಕೂ ಬೀಗಗಳು. ನಮ್ಮ ಕಡೆಯವರು ಯಾರಾದರೂ ಕಂಡರೆ, ಯಾರೋ ವೈಣಿಕರು ಕಚೇರಿಗೆ ಹೊರಟಿದ್ದಾರೆಂದು ಗೌರವದಿಂದ ದಾರಿ ಬಿಟ್ಟಾರು. ಆದರೆ ಒಳಗೆ ಇರುವುದು ವೀಣೆಯಲ್ಲ, ಬೇಟೆಯ ಕೋವಿ. ಅದರ ಒಡೆಯ ಅಲಾಸ್ಕಾಕ್ಕೆ ಮೂಸ್ ಬೇಟೆಗೆ ಹೊರಟವನು. ನಮ್ಮ ಕಡವೆಯ ವಂಶಕ್ಕೇ ಸೇರಿದ, ಆದರೆ ಹೆಗಲೆತ್ತರದಲ್ಲಿ ಕುದುರೆಯನ್ನೂ ಮೀರಿಸುವ ಆ ಪ್ರಾಣಿಯ ಬೇಟೆಗೆ ಅಲ್ಲಿ ಅದೇ ಕಾಲ.

ವಿಮಾನಕ್ಕೆ ಕೋವಿಯೇ! ಉಗುರು ಕತ್ತರಿಸುವ ಸಲಕರಣೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡುವ ಕಾಲದಲ್ಲಿ ಇದು ಹೇಗೆ ಸಾಧ್ಯವೆಂದು ಗೃಹಿಣಿಯರು ಹುಬ್ಬೇರಿಸುವುದು ಸಹಜ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯೆಂಬುದು ಅಜ್ಜಂದಿರ ಕಥೆಯ ಮಾತಾಯಿತು. ಕೊಡಗಿನಲ್ಲಿ ಮಾತ್ರ ಕೋವಿ ಇಂದಿಗೂ ಮನೆಯ ಹಿರಿಯನಂತೆ ಗೋಡೆಯ ಮೇಲೆ ಕುಳಿತಿದೆ. ಅದೇ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ಪೊಳ್ದ್ ಹಬ್ಬದಂದು ಅದಕ್ಕೆ ಹೂವಿನ ಅಲಂಕಾರ, ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಾಟಿ ಮುಗಿದು ಬೇಟೆ ಮೊದಲಾಗುವ ಹೊತ್ತಿನ ಹಬ್ಬ ಅದು. ಬೇಟೆ ಹೋಯಿತು, ಹಬ್ಬ ಉಳಿಯಿತು. ಅಮೆರಿಕದಲ್ಲಿ ಹಾಗಲ್ಲ. 2022ರಲ್ಲಿ ಅಲ್ಲಿನ ಸರ್ಕಾರವೇ ನಡೆಸಿದ ಗಣನೆಯಂತೆ, ಹದಿನಾರು ವರ್ಷ ದಾಟಿದವರಲ್ಲಿ ಬೇಟೆಯಾಡಿದವರ ಸಂಖ್ಯೆ 1 ಕೋಟಿ 44 ಲಕ್ಷ. ದೇಶ ವಿಸ್ತಾರವಾದದ್ದು, ಕಾಡು ದೂರದ್ದು. ಸಿಯಾಟಲ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ ವಿಮಾನದಲ್ಲಿಯೇ ಮೂರೂವರೆ ಗಂಟೆ. ಆದ್ದರಿಂದ ಕೋವಿಯೂ ಹಾರಲೇಬೇಕು. ಕಾನೂನು ಅದನ್ನು ತಡೆಯುವುದಿಲ್ಲ. ಆದರೆ ಅದು ಹೇಗೆ ಹಾರಬೇಕೆಂಬುದನ್ನು ಮಾತ್ರ ಬಿಗಿಯಾಗಿ ಕಟ್ಟಿಟ್ಟಿದೆ.

ಕೆಲಸ ಆರಂಭವಾಗುವುದು ನಿಲ್ದಾಣದಲ್ಲಲ್ಲ, ಹಿಂದಿನ ರಾತ್ರಿ ಮನೆಯ ಮೇಜಿನ ಮೇಲೆ. ಕೋವಿಯಲ್ಲಿ ಗುಂಡು ಇರಕೂಡದು. ಇದನ್ನು ಬರೆಯುವುದು ಸುಲಭ. ಆದರೆ ಲೋಕದಲ್ಲಿ ಆಕಸ್ಮಿಕವಾಗಿ ಹಾರಿದ ಕೋವಿಗಳಲ್ಲಿ ಎಷ್ಟೋ ‘ಖಾಲಿ’ ಎಂದು ಯಜಮಾನನು ನಂಬಿದ್ದ ಕೋವಿಗಳೇ. ಪಳಗಿದ ಬೇಟೆಗಾರ ಬೋಲ್ಟನ್ನು ಹಿಂದಕ್ಕೆಳೆದು ತೋಟಾ ಕೂರುವ ಗೂಡನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ನೋಡಿದ್ದು ಸಾಲದೆಂದು ಕಿರುಬೆರಳನ್ನು ಒಳಗಿಟ್ಟು ಮುಟ್ಟಿ ನೋಡುತ್ತಾನೆ. ದಣಿದ ಕಣ್ಣು ತಾನು ನೋಡಬಯಸಿದ್ದನ್ನೇ ನೋಡುತ್ತದೆ. ಬೆರಳಿಗೆ ಆ ದೋಷವಿಲ್ಲ. ತೋಟಾಗಳ ಡಬ್ಬಿಯನ್ನು, ಅಂದರೆ ಮ್ಯಾಗಜೀನನ್ನು, ಬಿಚ್ಚಿ ಅದನ್ನೂ ಬರಿದು ಮಾಡುತ್ತಾನೆ. ಕೊನೆಗೆ ಬೋಲ್ಟನ್ನೇ ಹೊರತೆಗೆದು ಬಟ್ಟೆಯಲ್ಲಿ ಸುತ್ತಿ ಅದೇ ಪೆಟ್ಟಿಗೆಯಲ್ಲಿ ಪಕ್ಕಕ್ಕೆ ಇಡುತ್ತಾನೆ. ಬೋಲ್ಟಿಲ್ಲದ ಕೋವಿ ಊರುಗೋಲಿಗಿಂತ ಅಪಾಯಕಾರಿಯಲ್ಲ. ಆದರೆ ಆ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ವಿಮಾನ ಹತ್ತುವಂತಿಲ್ಲ. ಕೋವಿಯ ಬಿಡಿ ಭಾಗಗಳೂ ಕೈಚೀಲಕ್ಕೆ ನಿಷಿದ್ಧ. ದೂರದರ್ಶಕಕ್ಕೆ ಮಾತ್ರ ವಿನಾಯಿತಿಯುಂಟು: ಕೋವಿಯ ನೆತ್ತಿಯ ಮೇಲಿನ ಆ ಗಾಜಿನ ಕೊಳವೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹೋದರೂ ಯಾರೂ ಕೇಳುವುದಿಲ್ಲ.

ಇನ್ನು ಪೆಟ್ಟಿಗೆ. ಅದು ಗಟ್ಟಿ ಮೈಯದಾಗಿರಬೇಕು. ಬಟ್ಟೆಯ ಚೀಲ ಸಲ್ಲದು. ಬೀಗ ಹಾಕಿದ ಮೇಲೆ ಒಳಗಿನ ಕೋವಿಯನ್ನು ಯಾವ ಉಪಾಯದಿಂದಲೂ ಮುಟ್ಟಲಾಗಬಾರದು. ಇಲ್ಲಿಯೇ ಹಲವರು ಮೋಸಹೋಗುತ್ತಾರೆ. ನಾಲ್ಕು ಬೀಗದ ಕಣ್ಣುಗಳಿರುವ ಪೆಟ್ಟಿಗೆಗೆ ಎರಡೇ ಬೀಗ ಹಾಕಿ ಕೃತಾರ್ಥರಾಗುತ್ತಾರೆ. ಬೀಗವಿಲ್ಲದ ಮೂಲೆಯನ್ನು ಹಿಡಿದು ಎತ್ತಿದರೆ ಪ್ಲಾಸ್ಟಿಕ್ಕು ಬಾಗಿ, ಎರಡು ಬೆರಳು ತೂರುವಷ್ಟು ಸಂದು ಬಾಯ್ದೆರೆಯುತ್ತದೆ. ಅಂಥ ಪೆಟ್ಟಿಗೆಯನ್ನು ನಿಲ್ದಾಣದವರು ಹಿಂದಿರುಗಿಸಬಹುದು. ಅಂಗಡಿಯಲ್ಲಿ ಕೋವಿಯೊಡನೆ ಸಿಕ್ಕಿದ ಡಬ್ಬವೂ ಈ ಪರೀಕ್ಷೆಯಲ್ಲಿ ಗೆಲ್ಲುವುದೆಂಬ ಭರವಸೆಯಿಲ್ಲ. ಆದ್ದರಿಂದ ತಿಳಿದವರು ಕಣ್ಣು ಎಷ್ಟಿವೆಯೋ ಅಷ್ಟು ಬೀಗ ಹಾಕಿ, ಹೊರಡುವ ಮುನ್ನ ತಾವೇ ಕಳ್ಳರ ಪಾತ್ರ ವಹಿಸಿ ನಾಲ್ಕು ಮೂಲೆಗಳನ್ನೂ ಎಳೆದು ನೋಡುತ್ತಾರೆ.

ಬೀಗದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅಮೆರಿಕದ ಪ್ರಯಾಣಿಕರು ಸಾಧಾರಣ ಸೂಟ್‌ಕೇಸುಗಳಿಗೆ ಹಾಕುವ ಬೀಗವನ್ನು ತೆರೆಯುವ ಸರ್ವಸಾಧಾರಣ ಕೀಲಿಯೊಂದು ಭದ್ರತಾ ಸಿಬ್ಬಂದಿಯ ಬಳಿ ಇರುತ್ತದೆ. ಬೀಗ ಒಡೆಯದೆ ತಪಾಸಣೆ ಮಾಡಲು ಹೂಡಿದ ಉಪಾಯ. 2014ರಲ್ಲಿ ಒಂದು ಪ್ರಸಿದ್ಧ ದಿನಪತ್ರಿಕೆ ಆ ಕೀಲಿಗಳ ಗೊಂಚಲಿನ ಛಾಯಾಚಿತ್ರವನ್ನು ಅಚ್ಚುಮಾಡಿಬಿಟ್ಟಿತು. ಮರುವರ್ಷ ಕೈಚಳಕದವರು ಆ ಚಿತ್ರವನ್ನೇ ನೋಡಿ ಕೀಲಿಗಳ ಪ್ರತಿಗಳನ್ನು ತಯಾರಿಸಿಬಿಟ್ಟರು! ಕೋವಿಯ ಪೆಟ್ಟಿಗೆಗೂ ಇಂಥ ಬೀಗ ಹಾಕಬಹುದೆಂದು ಅಧಿಕಾರಿಗಳು ಹೇಳುತ್ತಾರೆ. ಆದರೆ ನಿಯಮದ ಮಾತು ಬೇರೆಯೇ ಇದೆ. ಪೆಟ್ಟಿಗೆಯ ಕೀಲಿ ಪ್ರಯಾಣಿಕನ ಬಳಿ ಮಾತ್ರವೇ ಇರತಕ್ಕದ್ದು ಎಂದು ಅದು ವಿಧಿಸುತ್ತದೆ. ಊರಿಗೆಲ್ಲ ಕೀಲಿಯಿರುವ ಬೀಗವನ್ನು ತನ್ನ ಬೀಗವೆಂದು ಕರೆಯಲು ಬೇಟೆಗಾರನ ಮನಸ್ಸು ಒಪ್ಪುವುದಿಲ್ಲ. ಅವನು ಒಳ್ಳೆಯ ಉಕ್ಕಿನ ಸ್ವಂತ ಬೀಗವನ್ನೇ ಹಾಕುತ್ತಾನೆ. ಅವನ ಪಕ್ಷವೇ ಸರಿಯೆಂದು ತೋರುತ್ತದೆ.

ತೋಟಾಗಳ ಕಥೆ ಚಿಕ್ಕದು. ಅವನ್ನು ಅವುಗಳಿಗಾಗಿಯೇ ಮಾಡಿದ ರಟ್ಟಿನ, ಮರದ, ಪ್ಲಾಸ್ಟಿಕ್ಕಿನ ಅಥವಾ ಲೋಹದ ಪೆಟ್ಟಿಗೆಯಲ್ಲಿ ಜೋಡಿಸಿಡಬೇಕು. ಚೀಲದ ತಳದಲ್ಲಿ ಗಜ್ಜುಗದಂತೆ ಸುರಿಯುವಂತಿಲ್ಲ. ಬಹುತೇಕ ವಿಮಾನ ಸಂಸ್ಥೆಗಳು ಒಬ್ಬನಿಗೆ 5 ಕಿಲೋಗ್ರಾಂ ತೂಕದವರೆಗೆ ಒಪ್ಪುತ್ತವೆ. ಬಿಡಿ ಮದ್ದನ್ನಂತೂ ವಿಮಾನದ ಹತ್ತಿರಕ್ಕೇ ತರಕೂಡದು. ಇದೆಲ್ಲದರ ನಡುವೆ ನಗು ಬರಿಸುವ ಒಂದು ನಿಯಮವಿದೆ. ಅಲಾಸ್ಕಾದ ಕಾಡಿನಲ್ಲಿ ಕರಡಿ ಎದುರಾದರೆ ಅದರ ಮುಖಕ್ಕೆ ಎರಚುವ ಮೆಣಸಿನ ದ್ರಾವಣದ ಡಬ್ಬಿಯೊಂದುಂಟು. ಆನೆಯಂಥ ಪ್ರಾಣಿಯನ್ನು ಉರುಳಿಸಬಲ್ಲ ಕೋವಿಯನ್ನು ಸಾಮಾನಿನ ಅಂಕಣಕ್ಕೆ ಕಳಿಸಬಹುದು. ಕರಡಿಯನ್ನು ಕೊಲ್ಲದೆ ಓಡಿಸುವ ಈ ಮೆಣಸಿನ ಡಬ್ಬಿಯನ್ನು ಎಲ್ಲಿಯೂ ಇಡುವಂತಿಲ್ಲ! ಕಾರಣ ಸ್ಪಷ್ಟವೇ. ಬೀಗದೊಳಗಿನ ಖಾಲಿ ಕೋವಿ ತಾನಾಗಿ ಏನನ್ನೂ ಮಾಡದು. ಒತ್ತಡದಿಂದ ತುಂಬಿದ ಡಬ್ಬಿ ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ ಸೋರಬಲ್ಲದು.

ಮರುದಿನ ನಿಲ್ದಾಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಬರುತ್ತದೆ. ಬೇಟೆಗಾರ ಟಿಕೆಟ್ ಕೌಂಟರಿನ ಮುಂದೆ ನಿಂತು ‘ಇದರಲ್ಲಿ ಕೋವಿಯಿದೆ, ಗುಂಡು ತುಂಬಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಅಕ್ಕಪಕ್ಕದವರು ಬೆಚ್ಚಿಬೀಳದಂತೆ ಮೆಲ್ಲಗೆ ಹೇಳುವುದು ಶಿಷ್ಟಾಚಾರ. ಅಲ್ಲಿಯ ಗುಮಾಸ್ತೆ ಒಂದು ಚೀಟಿ ಕೊಡುತ್ತಾಳೆ. ಅದಕ್ಕೆ ರುಜು ಹಾಕಬೇಕು. ಆ ಚೀಟಿ ಹೋಗುವುದು ಪೆಟ್ಟಿಗೆಯ ಒಳಕ್ಕೆ, ಹೊರಮೈಗಲ್ಲ. ‘ಇಲ್ಲಿ ಕೋವಿಯಿದೆ’ ಎಂಬ ಗುರುತನ್ನು ಹೊರಗೆ ಅಂಟಿಸುವಂತೆ ಯಾವ ಸಾರಿಗೆ ಸಂಸ್ಥೆಯೂ ಒತ್ತಾಯಿಸಕೂಡದೆಂದು ಅಲ್ಲಿನ ಕಾನೂನೇ ತಡೆದಿದೆ. ಕಳ್ಳನಿಗೆ ಆಮಂತ್ರಣ ಪತ್ರಿಕೆ ಬರೆಯಬಾರದಷ್ಟೆ! ಅನಂತರ ಪೆಟ್ಟಿಗೆ ತಪಾಸಣೆಯ ಯಂತ್ರಕ್ಕೆ ಹೋಗುತ್ತದೆ. ಬೇಟೆಗಾರ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರದಲ್ಲೇ ಸ್ವಲ್ಪ ಹೊತ್ತು ಕಾಯುತ್ತಾನೆ. ತೆರೆದು ನೋಡಬೇಕೆಂದು ಸಿಬ್ಬಂದಿ ಕರೆದಾಗ ಅವನು ಸಿಗದೆ ಹೋದರೆ ಪೆಟ್ಟಿಗೆ ವಿಮಾನವನ್ನೇರದು. ಕಾಫಿಗೆಂದು ಹೋಗಿ ಮೈಮರೆತವನು ಬರಿಗೈಯಲ್ಲಿ ಅಲಾಸ್ಕಾ ತಲುಪಬೇಕಾದೀತು.

ಇಷ್ಟನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಯಂತ್ರಗಳು, ಕಾವಲುಗಾರರು, ಕಾನೂನಿನ ಕಲಮುಗಳು ಎಷ್ಟೇ ಇದ್ದರೂ ಈ ಇಡೀ ಏರ್ಪಾಡು ನಿಂತಿರುವುದು ಪ್ರಯಾಣಿಕ ಆಡುವ ಒಂದು ಮಾತಿನ ಮೇಲೆ, ಅವನ ಜೇಬಿನ ಒಂದು ಕೀಲಿಯ ಮೇಲೆ. ಮೊದಲು ಇಷ್ಟೂ ಇರಲಿಲ್ಲ. 1961ರ ಮೇ 1ರಂದು ಫ್ಲೋರಿಡಾದ ಮ್ಯಾರಥಾನ್‌ನಿಂದ ಕೀ ವೆಸ್ಟ್‌ಗೆ ಹೊರಟ ವಿಮಾನವೊಂದನ್ನು ಪ್ರಯಾಣಿಕನೊಬ್ಬ ಬೆದರಿಸಿ ಕ್ಯೂಬಾಕ್ಕೆ ತಿರುಗಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ವಿಮಾನಾಪಹರಣವನ್ನು ಘೋರ ಅಪರಾಧವೆಂದು ಸಾರುವ ಶಾಸನಕ್ಕೆ ಅಂಕಿತ ಹಾಕಿದರು. ಆಯುಧವನ್ನು ಬಚ್ಚಿಟ್ಟುಕೊಂಡು ವಿಮಾನವೇರುವುದೂ ಅದರಿಂದ ಅಪರಾಧವಾಯಿತು. ಆದರೆ ಪ್ರಯಾಣಿಕರ ಚೀಲಗಳನ್ನು ತೆರೆದು ನೋಡುವ ಪದ್ಧತಿ ಬರಲಿಲ್ಲ. ಸಭ್ಯ ಗೃಹಸ್ಥರ ಕೈಚೀಲಕ್ಕೆ ಕೈಹಾಕುವುದುಂಟೆ ಎಂಬ ಸಂಕೋಚ! 1968ರಿಂದ 1972ರವರೆಗಿನ ಐದು ವರ್ಷಗಳಲ್ಲಿ 130ಕ್ಕೂ ಮಿಗಿಲಾಗಿ ಅಮೆರಿಕದ ವಿಮಾನಗಳು ಅಪಹರಣಕ್ಕೀಡಾದ ಮೇಲೆ ಆ ಸಂಕೋಚ ಕಳೆಯಿತು. 1973ರ ಜನವರಿ 5ರಿಂದ ಪ್ರತಿಯೊಬ್ಬ ಪ್ರಯಾಣಿಕನ, ಪ್ರತಿಯೊಂದು ಕೈಚೀಲದ ತಪಾಸಣೆ ಕಡ್ಡಾಯವಾಯಿತು. 2001ರ ಸೆಪ್ಟೆಂಬರಿನ ದುರಂತದ ತರುವಾಯ, ಆ ವರ್ಷದ ನವೆಂಬರಿನಲ್ಲಿ ಇದಕ್ಕೆಂದೇ ಸರ್ಕಾರದ ಪ್ರತ್ಯೇಕ ಇಲಾಖೆ ಹುಟ್ಟಿತು.

ಆ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸುವ ಅಂಕಿಗಳನ್ನು ನೋಡಿದರೆ ದಿಗಿಲಾಗುತ್ತದೆ. 2024ರಲ್ಲಿ ನಿಲ್ದಾಣಗಳ ತಪಾಸಣೆಯ ಕಟ್ಟೆಗಳಲ್ಲಿ ಪ್ರಯಾಣಿಕರ ಕೈಚೀಲಗಳಿಂದ ಸಿಕ್ಕಿಬಿದ್ದ ಕೋವಿ-ಪಿಸ್ತೂಲುಗಳು 6,678, ದಿನಕ್ಕೆ ಹದಿನೆಂಟರಂತೆ. ಅವುಗಳಲ್ಲಿ ನೂರಕ್ಕೆ 94ರಲ್ಲಿ ಗುಂಡು ತುಂಬಿತ್ತು. ಇವರೆಲ್ಲ ಅಪಹರಣಕಾರರೇ? ಅಲ್ಲವೇ ಅಲ್ಲ. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಚೀಲದಲ್ಲಿದ್ದುದು ಮರೆತೇಹೋಗಿತ್ತು.’ ಛತ್ರಿಯನ್ನು ಬಸ್ಸಿನಲ್ಲಿ ಮರೆಯುವವರನ್ನು ನಾವು ಬಲ್ಲೆವು. ಗುಂಡು ತುಂಬಿದ ಪಿಸ್ತೂಲನ್ನು ಬಾಚಣಿಗೆಯ ಪಕ್ಕದಲ್ಲಿಟ್ಟು ಮರೆಯುವವರನ್ನು ಏನೆಂದು ಕರೆಯಬೇಕೋ ತಿಳಿಯದು. 2021ರ ನವೆಂಬರ್ 20ರಂದು ಅಟ್ಲಾಂಟಾ ನಿಲ್ದಾಣದಲ್ಲಿ ಹೀಗೆಯೇ ಒಂದು ಚೀಲ ತಪಾಸಣೆಗೆ ಸಿಕ್ಕಿತು. ಅದರ ಯಜಮಾನ ಹಠಾತ್ತನೆ ಒಳಗೆ ಕೈಹಾಕಿದ, ಗುಂಡು ಹಾರಿತು. ಯಾರಿಗೂ ತಗುಲಲಿಲ್ಲವಾದರೂ, ಹಬ್ಬದ ವಾರದ ಜನಜಂಗುಳಿ ದಿಕ್ಕೆಟ್ಟು ಓಡಿ ನೂಕುನುಗ್ಗಲಿನಲ್ಲಿ ಕೆಲವರಿಗೆ ಪೆಟ್ಟಾಯಿತು. ಇಂಥ ತಪ್ಪಿಗೆ ವಿಧಿಸಬಹುದಾದ ಗರಿಷ್ಠ ದಂಡವನ್ನು 2022ರ ಡಿಸೆಂಬರಿನಲ್ಲಿ 14,950 ಡಾಲರಿಗೆ ಏರಿಸಲಾಯಿತು. ಬಳಿಕ ಅದು ಇನ್ನೂ ಮೇಲೇರಿದೆ. ಮರವೆ ಮಾತ್ರ ಇಳಿದಂತೆ ಕಾಣದು.

ಮರೆಯದವನಿಗೂ ಕಷ್ಟ ಬರಬಹುದು. 2005ರಲ್ಲಿ ಯೂಟಾ ರಾಜ್ಯದವನೊಬ್ಬ ಪಿಸ್ತೂಲನ್ನು ಎಲ್ಲ ನಿಯಮಗಳಂತೆ ಬೀಗದ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ತಿಳಿಸಿ, ಪೆನ್ಸಿಲ್ವೇನಿಯಾಕ್ಕೆ ಹೊರಟ. ನಡುವೆ ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್‌ನಲ್ಲಿ ವಿಮಾನ ಬದಲಿಸಬೇಕಾಗಿತ್ತು. ಮೊದಲ ವಿಮಾನ ತಡವಾಗಿ, ಎರಡನೆಯದು ತಪ್ಪಿಹೋಯಿತು. ಸಾಮಾನನ್ನು ಅವನ ಕೈಗೇ ಒಪ್ಪಿಸಿದರು. ರಾತ್ರಿ ಹೋಟೆಲಿನಲ್ಲಿ ಕಳೆದ. ಬೆಳಿಗ್ಗೆ ಮತ್ತೆ ಕೌಂಟರಿಗೆ ಬಂದು, ಪ್ರಾಮಾಣಿಕನಾಗಿ, ‘ಇದರಲ್ಲಿ ಪಿಸ್ತೂಲಿದೆ’ ಎಂದ. ನ್ಯೂಜೆರ್ಸಿಯ ಕಾನೂನು ಬಹು ಕಠಿಣ. ಅಲ್ಲಿಯ ಪರವಾನಗಿ ಅವನಲ್ಲಿಲ್ಲ. ಪೊಲೀಸರು ಅಲ್ಲಿಯೇ ಸೆರೆಹಿಡಿದರು. ಕೆಲವು ದಿನ ಬಂದೀಖಾನೆಯ ವಾಸವಾಯಿತು. ಆರೋಪವನ್ನು ಮುಂದೆ ಕೈಬಿಟ್ಟರೂ, ಆದ ಅನ್ಯಾಯಕ್ಕೆ ಪರಿಹಾರ ಕೇಳಿ ಆತ ನ್ಯಾಯಾಲಯದ ಮೆಟ್ಟಿಲೇರಿದ. ರಾಜ್ಯದಿಂದ ರಾಜ್ಯಕ್ಕೆ ಕೋವಿಯನ್ನು ಒಯ್ಯುವವರಿಗೆ ರಕ್ಷಣೆ ಕೊಡುವ 1986ರ ಒಕ್ಕೂಟದ ಶಾಸನ ತನ್ನ ಬೆನ್ನಿಗಿದೆ ಎಂಬುದು ಅವನ ವಾದ. 2010ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಪ್ರಯಾಣದಲ್ಲಿ ಆಯುಧ ಕೈಗೆ ಎಟುಕುವಂತಿದ್ದರೆ ಆ ಶಾಸನದ ರಕ್ಷಣೆ ಇಲ್ಲ. ಹೋಟೆಲಿನ ಕೋಣೆಯಲ್ಲಿ ಕಳೆದ ಆ ಒಂದು ರಾತ್ರಿ ಅದು ಎಟುಕುವಂತಿತ್ತು, ಎಂದು ತೀರ್ಪು. ವಿಮಾನ ತಪ್ಪಿಸಿದ್ದು ಅವನಲ್ಲ. ನಿಜವನ್ನು ಮಾತ್ರ ಅವನು ಸ್ವಂತ ಇಚ್ಛೆಯಿಂದಲೇ ಹೇಳಿದ್ದ. ಅಂದಿನಿಂದ ಅನುಭವಿಗಳಾದ ಬೇಟೆಗಾರರು ವಿಮಾನ ಬದಲಿಸುವ ಊರನ್ನು ಆರಿಸುವಾಗ ಅಲ್ಲಿಯ ಹವಾಮಾನವನ್ನಷ್ಟೇ ಅಲ್ಲ, ಕಾನೂನನ್ನೂ ವಿಚಾರಿಸುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಘಟನೆ ನಡೆದದ್ದು 2017ರ ಜನವರಿ 6ರಂದು. ಬೇಟೆಗಾರರ ಪೆಟ್ಟಿಗೆಗಳಿಗೆ ಒಗ್ಗಿಹೋದ ಅದೇ ಆಂಕರೇಜ್ ನಿಲ್ದಾಣದಲ್ಲಿ ಒಬ್ಬನು ಪಿಸ್ತೂಲಿನ ಪೆಟ್ಟಿಗೆಯನ್ನು ಕ್ರಮವಾಗಿ ಘೋಷಿಸಿ ವಿಮಾನವೇರಿದ್ದ. ಬೀಗವಿತ್ತು, ಒಳಗಿನ ಪಿಸ್ತೂಲು ಖಾಲಿಯಿತ್ತು. ಒಂದು ನಿಯಮವನ್ನೂ ಅವನು ಮೀರಿರಲಿಲ್ಲ. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಇಳಿದು ಪೆಟ್ಟಿಗೆಯನ್ನು ತೆಗೆದುಕೊಂಡು ಶೌಚಾಲಯಕ್ಕೆ ಹೋದ; ಅಲ್ಲಿ ಗುಂಡು ತುಂಬಿಕೊಂಡು ಹೊರಬಂದು, ಸಾಮಾನಿಗಾಗಿ ಕಾದಿದ್ದವರ ಮೇಲೆ ಹಾರಿಸಿದ. ಐವರು ಸತ್ತರು. ವಿಮಾನದೊಳಗಿನ ಅಪಾಯವನ್ನು ತಡೆಯಲೆಂದು ಹೆಣೆದ ನಿಯಮಗಳು ಇಳಿದ ಮೇಲಿನ ಹತ್ತು ನಿಮಿಷವನ್ನು ಎಣಿಕೆಗೆ ತಂದುಕೊಂಡಿರಲಿಲ್ಲ. ಅಂದಿನಿಂದ ಕೆಲವು ವಿಮಾನ ಸಂಸ್ಥೆಗಳು ಕೋವಿಯ ಪೆಟ್ಟಿಗೆಯನ್ನು ಉಳಿದ ಸಾಮಾನಿನೊಡನೆ ತಿರುಗುಪಟ್ಟಿಯ ಮೇಲೆ ಬಿಡದೆ, ಕಚೇರಿಯಲ್ಲಿ ಗುರುತಿನ ಚೀಟಿ ನೋಡಿ ಕೈಗೆ ಒಪ್ಪಿಸತೊಡಗಿದವು. ಪೆಟ್ಟಿಗೆಯ ಸುತ್ತ ಬಲವಾದ ಪ್ಲಾಸ್ಟಿಕ್ಕಿನ ಕಟ್ಟನ್ನು ಬಿಗಿದು ಕೊಡುವ ಪದ್ಧತಿಯೂ ಬಂತು. ನಿಲ್ದಾಣದೊಳಗೆ ಕತ್ತರಿಯಿಲ್ಲದೆ ಅದನ್ನು ಬಿಚ್ಚಲಾಗದು. ಎಲ್ಲ ಸಂಸ್ಥೆಗಳೂ ಹೀಗೆ ಮಾಡುವುದಿಲ್ಲ. ಏಕೆ ಮಾಡಬಾರದೆಂಬುದಕ್ಕೆ ಒಪ್ಪತಕ್ಕ ಕಾರಣ ಕಾಣುವುದಿಲ್ಲ.

ಬೇಟೆಗಾರ ಆಂಕರೇಜ್‌ನಲ್ಲಿ ಇಳಿಯುತ್ತಾನೆ. ಪೆಟ್ಟಿಗೆ ಬಂದೊಡನೆ ಬೀಗಗಳನ್ನು ಎಣಿಸುತ್ತಾನೆ. ಆದರೆ ನಿಲ್ದಾಣದಲ್ಲಿ ತೆರೆಯುವುದಿಲ್ಲ. ಊರ ಹೊರಗಿನ ಗುರಿಯಾಟದ ಮೈದಾನಕ್ಕೆ ಹೋಗಿ ಬೋಲ್ಟನ್ನು ಜೋಡಿಸಿ, ನಳಿಕೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲವೆಂದು ಬೆಳಕಿನಲ್ಲಿ ನೋಡಿ, ಕಾಗದದ ಗುರಿಗೆ ಮೂರು ನಾಲ್ಕು ಗುಂಡು ಹೊಡೆಯುತ್ತಾನೆ. ಸಾಮಾನು ಎತ್ತಿ ಹಾಕುವವರ ಕೈಯಲ್ಲಿ ಕೋವಿ ಕುಲುಕಾಡಿರುತ್ತದೆ. ದೂರದರ್ಶಕ ಕೂದಲೆಳೆಯಷ್ಟು ಸರಿದಿದ್ದರೂ ಇನ್ನೂರು ಗಜದಾಚೆ ಗುಂಡು ಮೊಳದುದ್ದ ತಪ್ಪಿ ಬೀಳಬಹುದು. ಮೃಗ ಸಾಯದೆ ಗಾಯಗೊಂಡು ಕಾಡಿನಲ್ಲಿ ನರಳೀತು. ಇಷ್ಟು ದೂರ ಬಂದವನು ಈ ಅರ್ಧ ಗಂಟೆಯನ್ನು ಉಳಿಸಲು ನೋಡಿದರೆ ಅವನನ್ನು ಬೇಟೆಗಾರನೆನ್ನಲಾಗದು.

ಅಲ್ಲಿಂದ ಮುಂದೆ ರಸ್ತೆಗಳಿಲ್ಲ. ನೀರಿನ ಮೇಲಿಳಿಯುವ ಪುಟ್ಟ ವಿಮಾನವೊಂದು ಅವನನ್ನೂ ಕೋವಿಯನ್ನೂ ಹೊತ್ತು ಯಾವುದೋ ಸರೋವರದ ದಡಕ್ಕೆ ಬಿಡುತ್ತದೆ. ಈ ಪುಟ್ಟ ವಿಮಾನಗಳ ಚರಿತ್ರೆಯೇ ಬೇರೆ: ಒಂದು ಕಾಲದಲ್ಲಿ ಅಲಾಸ್ಕಾದ ಕಾನೂನು, ಕಾಡಿನಲ್ಲಿ ಇಳಿಯಬೇಕಾಗಿ ಬಂದರೆ ಪ್ರಾಣ ಉಳಿಸಿಕೊಳ್ಳಲೆಂದು, ವಿಮಾನದಲ್ಲಿ ಒಂದು ಕೋವಿಯೋ ಪಿಸ್ತೂಲೋ ಇರಲೇಬೇಕೆಂದು ವಿಧಿಸಿತ್ತು, ಆ ವಿಧಿಯನ್ನು ಈಗ ತೆಗೆದುಹಾಕಿದ್ದಾರೆ. ಇನ್ನೊಂದು ನಿಯಮ ಮಾತ್ರ ಉಳಿದಿದೆ. ವಿಮಾನದಲ್ಲಿ ಹಾರಿಬಂದ ದಿನವೇ ಮೂಸ್‌ಗೆ ಗುಂಡು ಹೊಡೆಯುವಂತಿಲ್ಲ. ಮರುದಿನ ಬೆಳಗಿನ ಜಾವ ಮೂರು ಗಂಟೆಯವರೆಗೆ ಕಾಯಬೇಕು. ಆಕಾಶದಿಂದ ಮೃಗವನ್ನು ಹುಡುಕಿ ಪಕ್ಕದಲ್ಲೇ ಇಳಿದು ಹೊಡೆಯುವ ಅನ್ಯಾಯಕ್ಕೆ ಹಾಕಿದ ಕಡಿವಾಣ ಅದು.

ವಿಮಾನ ಹಿಂದಿರುಗಿ ಹೋಗಿ, ಅದರ ಸದ್ದು ಬೆಟ್ಟಗಳಾಚೆ ಅಡಗುತ್ತದೆ. ಡೇರೆಯ ಬಾಗಿಲಲ್ಲಿ ಒಲೆ ಹೊತ್ತಿಸಿ ಕುಳಿತವನ ಮುಂದೆ, ಮುನ್ನೂರು ಗಜ ದೂರದಲ್ಲಿ, ಗಂಡು ಮೂಸ್ ಒಂದು ನೀರಿಗಿಳಿದು ಕುಡಿಯುತ್ತದೆ. ಪೆಟ್ಟಿಗೆ ಅವನ ಪಕ್ಕದಲ್ಲಿದೆ, ಕೀಲಿ ಜೇಬಿನಲ್ಲಿದೆ, ಸುತ್ತ ನೂರಾರು ಮೈಲಿ ನೋಡುವವರಿಲ್ಲ. ಅವನು ಗಡಿಯಾರವನ್ನೊಮ್ಮೆ ನೋಡಿ, ಒಲೆಗೆ ಇನ್ನೊಂದು ಕಟ್ಟಿಗೆ ಹಾಕುತ್ತಾನೆ.